ಗುಡ್ಡದವರಿಗೆಲ್ಲ ಒಂದೇ ವಿಳಾಸ

ಕಾಸರಗೋಡು ಪೇಟೆಯ ಜನ ಕಂಪ್ಯೂಟರನ್ನು ಟಿ.ವಿ.ಯ ತಮ್ಮ ಎಂದು ತಿಳಿದಿದ್ದ ಕಾಲದಲ್ಲೇ ಅದನ್ನು ಕಲಿಸುವ ಕ್ಲಾಸು ಇಟ್ಟವನು ನಾನು. ನನ್ನ ಹತ್ತಿರ ಕಲಿತವರು ಈಗ ದೊಡ್ಡ ಕುರ್ಚಿಗಳಲ್ಲಿ ಕೂತಿದ್ದಾರೆ. ಕಲಿಯದವರು ಅದಕ್ಕಿಂತ ದೊಡ್ಡ ಕುರ್ಚಿಗಳಲ್ಲಿ ಕೂತಿದ್ದಾರೆ, ಅದು ಬೇರೆ ಮಾತು. ಇನ್ನೊಂದು ವಿದ್ಯೆಯೂ ನನ್ನಲ್ಲಿದೆ. ಫೋನಿನಲ್ಲಿ ಸ್ವರ ಬದಲಿಸುವುದು. ಅಧಿಕಾರಿಯ ಮಲಯಾಳಂ, ಕಂಡಕ್ಟರನ ತುಳು, ಮದುವೆ ದಲ್ಲಾಳಿಯ ಕೆಮ್ಮು, ಯಾವುದು ಬೇಕಾದರೂ ಕೇಳಿ. ಈ ಎರಡು ವಿದ್ಯೆಗಳಲ್ಲಿ ನನ್ನನ್ನು ಮೀರಿಸಿದವರು ಜಿಲ್ಲೆಯಲ್ಲಿ ಹುಟ್ಟಿಲ್ಲ. ಎರಡೂ ಕೈಕೊಟ್ಟದ್ದು ಒಂದೇ ಕೆಲಸದಲ್ಲಿ ಎನ್ನುವುದನ್ನು ಮಾತ್ರ ಇಲ್ಲಿ ಬರೆಯಬೇಕಾಗಿ ಬಂದಿದೆ.

ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂತು, ನಾನು ಮಾಡಿದ ಕಿತಾಪತಿಗೆಲ್ಲ ಪೆಟ್ಟು ತಿಂದ ಗೆಳೆಯನೊಬ್ಬ ಮಧೂರಿನಲ್ಲಿದ್ದಾನೆ. ಪ್ರಾಯದ ಕಾಲದಿಂದಲೂ ಒಂದು ಸಣ್ಣ ಕನ್ನಡ ಮಾಸಿಕ ನಡೆಸಿಕೊಂಡು ಬಂದವನು. ಸಂಪಾದಕನೂ ಅವನೇ, ಕರಡು ತಿದ್ದುವವನೂ ಅವನೇ. ಪ್ರತಿ ತಿಂಗಳು ಹೆಂಡತಿ ಮೈದಾ ಅಂಟು ಕಾಯಿಸುವಳು, ಇವನು ಸುತ್ತುಕಾಗದದ ಮೇಲೆ ಒಬ್ಬೊಬ್ಬರ ವಿಳಾಸವನ್ನೂ ಕೈಯಲ್ಲೇ ಬರೆಯುವನು. ಆ ಅಕ್ಷರ ನೋಡಿಯೇ ಪೋಸ್ಟ್‌ಮನ್‌ಗಳು ಪತ್ರಿಕೆಯನ್ನು ಗುರುತಿಸುತ್ತಿದ್ದರು. ಈಗ ಅವನ ಕಣ್ಣು ಹೋಗಿದೆ. ಬೆಳಕಿಗೂ ಕತ್ತಲೆಗೂ ಇರುವ ವ್ಯತ್ಯಾಸ ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ.

"ಸಾಕು ಮಾಡಿ ಅಂತ ನೀವಾದ್ರೂ ಹೇಳಿ ಭಾವ," ಎಂದು ಅವನ ಹೆಂಡತಿ ನನ್ನ ಮುಂದೆ ಚಹಾ ಇಟ್ಟು ಹೇಳಿದಳು. "ಓದುವವ್ರು ಯಾರುಂಟು ಈಗ?"

"ಓದುವವ್ರು ಉಂಟು," ಎಂದ ಅವನು. "ಒಂದು ತಿಂಗಳು ತಪ್ಪಿದ್ರೆ ನೋಡು, ಫೋನಿನ ಮೇಲೆ ಫೋನು ಬರ್ತದೆ. ಹಾಗೆ ಕೇಳುವವ್ರು ಇರುವಷ್ಟು ದಿನ ನಡೆಸುದು. ಕೇಳುವವ್ರು ಇಲ್ಲದಿದ್ರೆ ಮುಚ್ಚುದು. ಅಲ್ವ ಮಾರಾಯ?"

ಅಲ್ವ ಎಂದು ಅವನು ಕೇಳಿದ್ದು ನನ್ನನ್ನು. ನಾನು ಹೌದು ಎಂದೆ. ನಾಲಗೆಗೆ ಎಲುಬಿಲ್ಲ ನೋಡಿ.

ವಿಳಾಸ ಅಚ್ಚು ಹಾಕಿ ಟಪಾಲಿಗೆ ಕೊಡುವ ಕೆಲಸವನ್ನು ಮಂಗಳೂರಿನ ಒಂದು ಸಣ್ಣ ಕಂಪೆನಿ ಒಪ್ಪಿಕೊಂಡಿತು. ಆದರೆ ಅವರಿಗೆ ವಿಳಾಸ ಇಡಿಯಾಗಿ ಬೇಡ. ತುಂಡು ತುಂಡಾಗಿ ಬೇಕು. ಮನೆ ನಂಬರಿಗೆ ಒಂದು ಕಾಲಮ್ಮು, ರಸ್ತೆಗೆ ಒಂದು, ಊರಿಗೆ, ಅಂಚೆಗೆ, ಜಿಲ್ಲೆಗೆ, ರಾಜ್ಯಕ್ಕೆ, ಪಿನ್‌ಕೋಡಿಗೆ ಒಂದೊಂದು.

"ಅರ್ಧ ಗಂಟೆಯ ಕೆಲಸ," ಎಂದೆ ನಾನು.

ಗೆಳೆಯ ನೆನಪಿನಿಂದ ಹೇಳಿದ, ಹೆಂಡತಿ ಹಳೆಯ ಸುತ್ತುಕಾಗದ ನೋಡಿ ತಿದ್ದಿದಳು, ನಾನು ಟೈಪು ಮಾಡಿದೆ. ಬಳಿಕ ಕೋಡು ಬರೆಯಲು ಕೂತೆ. ಕೊನೆಯಲ್ಲಿ ಬರುವ ಆರು ಅಂಕಿ ಪಿನ್‌ಕೋಡು. 'ಅಂಚೆ' ಎಂಬ ಶಬ್ದದ ನಂತರ ಬರುವುದು ಪೋಸ್ಟಾಫೀಸು. ಅಲ್ಪವಿರಾಮ ಕಂಡಲ್ಲಿ ಕತ್ತರಿಸು. ಇಷ್ಟು ಸಲೀಸಾಗಿ ಹೋಯಿತು. ಆಮೇಲೆ ನಮ್ಮ ಊರಿನವರು ಎದುರಾದರು. ಅಲ್ಪವಿರಾಮವನ್ನು ನಮ್ಮವರು ಉಪ್ಪಿನಕಾಯಿಯಂತೆ ಬಳಸುತ್ತಾರೆ, ಬೇಕಾದವರು ಹಾಕಿಕೊಳ್ಳುವುದು, ಬೇಡದವರು ಬಿಡುವುದು. ಮನೆ ನಂಬರು ಪಂಚಾಯತಿನವರಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ರಸ್ತೆಗೆ ಹೆಸರೇ ಇಲ್ಲ. ಆ ಕಾಲಮ್ಮು ಖಾಲಿ ಬಿಟ್ಟರೆ ಕಂಪೆನಿಯ ಯಂತ್ರ ಇಡೀ ಸಾಲನ್ನೇ ವಾಪಸು ಕಳಿಸುತ್ತದೆ. ನಾನು ಸುಮ್ಮನಿರುವವನೇ? ಕುಂಜತ್ತೂರಿನ ಒಂದು ಗದ್ದೆಬದುವಿಗೆ 'ರಾಜಬೀದಿ' ಎಂದು ನಾಮಕರಣ ಮಾಡಿದೆ. ತೋಡಿನ ನೀರು ದಾಟಲು ಅಡ್ಡ ಹಾಕಿದ ಅಡಿಕೆ ಮರದ ಕಾಲುಸಂಕಕ್ಕೆ 'ಸಂಕದ ಮಹಾಮಾರ್ಗ' ಎಂದೆ. ಯಂತ್ರ ಕೈಮುಗಿದು ಒಪ್ಪಿಕೊಂಡಿತು. ಗೆಳೆಯನಿಗೆ ಓದಿ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕದ್ದು ಅದೇ ಕೊನೆ.

ಯಂತ್ರದ್ದು ಇನ್ನೊಂದು ಹಟವಿತ್ತು. ಒಂದೇ ವಿಳಾಸ ಎರಡು ಸಲ ಬರಬಾರದು. ನಮ್ಮಲ್ಲಿ ಒಬ್ಬನೇ ಮನುಷ್ಯನ ಹೆಸರು ಒಮ್ಮೆ ಭಟ್ಟ, ಒಮ್ಮೆ ಭಟ್, ಒಮ್ಮೆ ಬರೀ ಮಾಸ್ಟ್ರು. ಹೆಸರು ನಂಬಿದರೆ ಆಗಲಿಕ್ಕಿಲ್ಲ ಎಂದು, ಹೆಸರು ಬಿಟ್ಟು ಉಳಿದ ವಿಳಾಸ ಒಂದೇ ಆಗಿದ್ದರೆ ಒಬ್ಬರನ್ನು ಮಾತ್ರ ಉಳಿಸು ಎಂದು ಬರೆದೆ. ಎರಡೇ ಸಾಲು. ಅಷ್ಟು ಚೆಂದದ ಎರಡು ಸಾಲು ನಾನು ಬೇರೆಲ್ಲೂ ಬರೆದಿಲ್ಲ.

ಪತ್ರಿಕೆ ಹೋಯಿತು. ಫೋನು ಬರಲಿಲ್ಲ. "ಎಲ್ಲ ಸರಿಯಾಗಿ ಮುಟ್ಟಿದೆ ಅಂತ ಅರ್ಥ," ಎಂದು ನಾನು ಎದೆಯುಬ್ಬಿಸಿದೆ. ಮುಂದಿನ ತಿಂಗಳೂ ಹೋಯಿತು, ಆಗಲೂ ಫೋನಿಲ್ಲ.

ಅಷ್ಟರಲ್ಲಿ ಸಂಬಂಧಿಕರ ಮನೆಯ ಪೂಜೆಗೆಂದು ನೆಕ್ರಾಜೆಗೆ ಹೋದವನು ಬಸ್ಸಿಳಿದು ಅಲ್ಲಿಯ ಅಂಗಡಿಯಲ್ಲಿ ಸೋಡಾ ಕೇಳಿದೆ. ಅಲ್ಲಿ ಪೋಸ್ಟ್‌ಮನ್ ಗುಡ್ಡ ಹತ್ತುವುದಿಲ್ಲ. ಗುಡ್ಡದವರ ಟಪಾಲೆಲ್ಲ ಈ ಅಂಗಡಿಗೇ ಬರುವುದು, ಸಾಮಾನಿಗೆ ಇಳಿದವರು ಒಯ್ಯುವುದು. ಮೊದಲಿನಿಂದಲೂ ಅದೇ ರೂಢಿ. ಅವರೆಲ್ಲರ ವಿಳಾಸವೂ 'ಇಂಥ ಅಂಗಡಿಯ ಮುಖಾಂತರ' ಎಂದೇ. ಸೋಡಾ ಗಂಟಲಲ್ಲಿರುವಾಗಲೇ ನನಗೆ ಹೊಳೆಯಿತು. ನನ್ನ ಎರಡು ಸಾಲು ಇಡೀ ಗುಡ್ಡವನ್ನು ಒಬ್ಬನೇ ಮನುಷ್ಯ ಮಾಡಿಬಿಟ್ಟಿತ್ತು.

"ಮಧೂರಿನ ಆ ಮಾಸಿಕ ಎಷ್ಟು ಬರ್ತದೆ ಇಲ್ಲಿಗೆ?" ಎಂದು ಕೇಳಿದೆ.

"ಮೊದಲು ಒಂದು ಕಟ್ಟು ಬರ್ತಿತ್ತು. ಈಗ ಒಂದೇ," ಎಂದ ಅಂಗಡಿಯವನು.

"ಹಾಗಾದ್ರೆ ಉಳಿದವ್ರು ಬಂದು ಗಲಾಟೆ ಮಾಡ್ಲಿಲ್ವ?"

"ಎಂತ ಗಲಾಟೆ?" ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಕ್ಕರೆ ಚೀಲದ ಹಿಂದಿನ ಹಲಗೆಯತ್ತ ಕೈ ತೋರಿಸಿದ. "ಹಳೆಯದೇ ಅಲ್ಲಿ ಉಂಟಲ್ಲ. ಕೊಂಡೋಗಿ ಅಂದ್ರೆ, ಇರ್ಲಿ, ಮತ್ತೆ ನೋಡುವ ಅಂತಾರೆ. ಕೆಲವ್ರು ತೀರಿಯೇ ಹೋದ್ರು. ಸಾಮಾನು ಕಟ್ಲಿಕ್ಕೆ ಹರಿಯುವ ಅಂದ್ರೆ ಮನಸ್ಸು ಬರುದಿಲ್ಲ. ಅಷ್ಟು ಚೆಂದ ಹೆಸರು ಬರ್ದಿದ್ದಾರೆ."

ಹಲಗೆಯ ಮೇಲೆ ಗೆಳೆಯನ ಕೈಬರಹ ಸಾಲಾಗಿ ಕೂತಿತ್ತು. ಸುತ್ತುಕಾಗದ ಬಿಚ್ಚಿರಲಿಲ್ಲ. ಕೆಳಗಿನ ಪ್ರತಿಗಳಲ್ಲಿ ಅಕ್ಷರ ಮುತ್ತಿನಂತೆ, ಮೇಲೆ ಬರುತ್ತ ಬರುತ್ತ ಸಾಲು ಓರೆಯಾಗಿ, ಕೊನೆಕೊನೆಗೆ ಅಕ್ಷರದ ಮೇಲೆ ಅಕ್ಷರ. ಅವನ ಕಣ್ಣು ಹೇಗೆ ಹೋಯಿತೆಂದು ಯಾವ ಡಾಕ್ಟರಿಗೂ ಅಷ್ಟು ಸ್ಪಷ್ಟವಾಗಿ ಗೊತ್ತಿರಲಾರದು. ಎಲ್ಲಕ್ಕಿಂತ ಮೇಲೆ ನನ್ನ ಯಂತ್ರದ ಅಚ್ಚಿನ ಎರಡು ಪ್ರತಿ, ನಾನಿಟ್ಟ ರಸ್ತೆಯ ಹೆಸರು ಸಮೇತ. ಅವನ್ನೂ ಯಾರೂ ಬಿಚ್ಚಿರಲಿಲ್ಲ.

ಸೋಡಾ ಅರ್ಧಕ್ಕೆ ಬಿಟ್ಟೆ. ಪೂಜೆಯ ಊಟ ಬಿಡಲಿಲ್ಲ, ಆದರೆ ಪಾಯಸ ಒಂದೇ ಸಲ ಹಾಕಿಸಿಕೊಂಡೆ. ನನ್ನನ್ನು ಬಲ್ಲವರಿಗೆ ಇದರ ಅರ್ಥ ಗೊತ್ತಾದೀತು.

ಮನೆಗೆ ಬಂದು ಆ ಎರಡು ಸಾಲು ಅಳಿಸಿದೆ. ಗುಡ್ಡದವರೆಲ್ಲ ಮತ್ತೆ ಬೇರೆ ಬೇರೆಯಾದರು. ಅದು ಸುಲಭ. ಮಧೂರಿನಲ್ಲಿ ಫೋನಿನ ಪಕ್ಕ ಕೂತವನಿಗೆ ಏನು ಹೇಳುವುದು? ಸುಳ್ಳಿನಲ್ಲಿ ನನಗಿಂತ ಪಳಗಿದವರು ಯಾರಿದ್ದಾರೆ? ಅವನ ಮನೆಯದು ಹಳೆಯ ಫೋನು, ಯಾರ ನಂಬರೆಂದು ಅವನಿಗೆ ಕಾಣುವುದೂ ಇಲ್ಲ. ಮೂಗಿನಲ್ಲಿ ಸ್ವರ ಎಳೆದು ಕರೆ ಮಾಡಿದೆ.

"ಸಂಪಾದಕರಾ? ಎಂತ ಸ್ವಾಮೀ ಇದು, ನಮ್ಗೆ ಎರಡು ತಿಂಗಳಿಂದ ಪತ್ರಿಕೆಯೇ ಇಲ್ಲ!"

"ಹೌದಾ? ಬರ್ಲಿಲ್ವ?" ಅವನ ಸ್ವರ ನೆಟ್ಟಗೆ ಎದ್ದು ಕೂತಿತು. "ಏ, ಪೆನ್ನು ತಾ, ಬೇಗ! ಒಬ್ರು ಕೇಳ್ತಾ ಇದ್ದಾರೆ, ಪತ್ರಿಕೆ ಬರ್ಲಿಲ್ಲ ಅಂತ. ನಾನು ಹೇಳ್ಲಿಲ್ವ ನಿಂಗೆ?" ಆಚೆ ಕಡೆ ಕುರ್ಚಿ ಎಳೆದ ಸದ್ದು. "ಹೇಳಿ ಸ್ವಾಮೀ, ವಿಳಾಸ ಹೇಳಿ."

ಮನೆಯ ಹೆಸರೊಂದನ್ನು ಹುಟ್ಟಿಸಿಕೊಂಡೆ, ಉಳಿದ ವಿಳಾಸ ಬಾಯಲ್ಲೇ ಇತ್ತು. ಅಷ್ಟು ದಿನ ಅದರಲ್ಲೇ ಮುಳುಗಿದ್ದವನಲ್ಲವೇ? "ಮನೆ, ಮೇಲಿನಮನೆ. ಊರು, ನೆಕ್ರಾಜೆ. ಅಂಚೆ, ನೆಕ್ರಾಜೆ. ಜಿಲ್ಲೆ, ಕಾಸರಗೋಡು. ರಾಜ್ಯ, ಕೇರಳ," ಎಂದು ಗಡಗಡ ಒಪ್ಪಿಸಿದೆ.

ಆಚೆ ಕಡೆಯಿಂದ "ಪೆನ್ನು ಬೇಡ, ಒಳಗೆ ಇಡು," ಎಂದು ಹೆಂಡತಿಗೆ ಹೇಳಿದ್ದು ಕೇಳಿಸಿತು.

"ನೆಕ್ರಾಜೆಯವ್ರು ವಿಳಾಸ ಹೇಳುವಾಗ ಬಸ್ಸಿಳಿದಲ್ಲಿಂದ ಶುರು ಮಾಡ್ತಾರೆ ಮಾರಾಯ," ಎಂದ ಅವನು. ಸಿಟ್ಟಿರಲಿಲ್ಲ. "ಇಂಥ ಅಂಗಡಿ, ಅಲ್ಲಿಂದ ಮೇಲೆ, ಇಂಥವ್ರ ಅಳಿಯ ಅಂತ. ರಾಜ್ಯ ಯಾವುದು ಅಂತ ಇಲ್ಲಿ ಯಾರು ಹೇಳ್ತಾರೆ? ನಿನ್ನ ಕಂಪ್ಯೂಟರು ಹೇಳ್ತದೆ ಅಷ್ಟೆ."

ಮೂಗಿನ ಸ್ವರವನ್ನು ಅಲ್ಲಿಗೇ ಬಿಟ್ಟೆ.

"ಯಾರೂ ಕೇಳ್ಲಿಲ್ಲ, ಅಲ್ವ?" ಎಂದ.

"ಇಲ್ಲ," ಎಂದೆ.

"ಮುಚ್ಚುವ, ಹಾಗಾದ್ರೆ. ಇನ್ನೊಂದು ಸಂಚಿಕೆ ಮಾಡುವ, ನಿಲ್ಲಿಸಿದ್ದೇವೆ ಅಂತ ತಿಳಿಸ್ಲಿಕ್ಕೆ. ಅದೊಂದು ಎಲ್ರಿಗೂ ಮುಟ್ಬೇಕು, ನೋಡ್ಕೋ."

ನೋಡಿಕೊಂಡೆ. ನನ್ನ ಪ್ರೋಗ್ರಾಂ ಈ ಸಲ ಒಂದು ಕೂದಲೂ ತಪ್ಪಲಿಲ್ಲ, ಬೇಕಾದರೆ ಪಂಥ ಕಟ್ಟುತ್ತೇನೆ. ಗುಡ್ಡದವರ ಪಾಲು ಮುಟ್ಟಿದೆಯೇ ಎಂದು ನೆಕ್ರಾಜೆಗೆ ಹೋಗಿ ಕಣ್ಣಾರೆ ನೋಡಿಯೂ ಬಂದೆ. ಅಷ್ಟೂ ಪ್ರತಿಗಳು ಬಂದಿದ್ದವು. ಸಕ್ಕರೆ ಚೀಲದ ಹಿಂದೆ, ಹಲಗೆಯ ಮೇಲೆ, ಕಟ್ಟಿದ ದಾರ ಕಟ್ಟಿದ ಹಾಗೆಯೇ ಇತ್ತು.