ಕಲ್ಲಿನೊಳಗೆ ಉಳಿದ ಬಿಸಿ

ಅಪ್ಪನಿಗೆ ಬಹಳ ತಲೆ ಇದೆ ಎಂದು ಬಂದರಿನಲ್ಲಿ ಹೇಳುತ್ತಿದ್ದರು. ಮನೆಯಲ್ಲಿ ನಾವ್ಯಾರೂ ಹೇಳುತ್ತಿರಲಿಲ್ಲ. ಆ ತಲೆಯ ಪ್ರಯೋಗಗಳೆಲ್ಲ ನಡೆಯುತ್ತಿದ್ದದ್ದು ನಮ್ಮ ಮೇಲೆ. ಭಟ್ಕಳ ಬಂದರಿನಲ್ಲಿ ಅವನು ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಇಂಜಿನನ್ನು ತಂಪು ಮಾಡಿ ಹೊರಬೀಳುವ ಬಿಸಿನೀರು ದಂಡವಾಗಿ ಸಮುದ್ರ ಸೇರುತ್ತದಲ್ಲ ಎಂದು ಅವನಿಗೆ ಹೊಟ್ಟೆಯುರಿ.

ಎಂಬತ್ತರ ದಶಕದ ಆರಂಭದ ಮಾತು. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಮಳೆಗಾಲ, ಕಟ್ಟಿಗೆಯೆಲ್ಲ ಒದ್ದೆ. ಬೋಟುಗಳು ದಡ ಸೇರಿದ್ದರಿಂದ ಅಪ್ಪನಿಗೆ ಬೇಕಾದಷ್ಟು ಪುರುಸೊತ್ತು. ಹೊನ್ನಾವರದಿಂದ ಅಕ್ಕನ ಅತ್ತೆ ಮಗು ನೋಡಲು ಬರುತ್ತಾರೆ ಎಂದು ಗೊತ್ತಾದದ್ದೇ ತಡ, ಬಚ್ಚಲ ಒಲೆಯನ್ನು ಕಿತ್ತು, ಹಂಡೆಯನ್ನು ಹಿತ್ತಲಿಗೆ ಸಾಗಿಸಿದ. ಒಲೆಯಿದ್ದಲ್ಲಿ ಗುಂಡಿ ತೋಡಿ ಒಡೆದ ಕಪ್ಪುಕಲ್ಲು ತುಂಬಿದ, ಸುತ್ತ ಮಣ್ಣು ಮೆತ್ತಿದ. ಕೆಳಗೆ ತೆಂಗಿನ ಸಿಪ್ಪೆಯ ಬೆಂಕಿ. ಕಲ್ಲು ಕಾದ ಮೇಲೆ ಬೆಂಕಿ ಎಳೆದು ಮೇಲಿನಿಂದ ನೀರು ಹೊಯ್ದರೆ ಅದು ಸಂದಿಗಳಲ್ಲಿ ಇಳಿದು, ಅಡಿಯ ಪೈಪಿನಿಂದ ಬಿಸಿಯಾಗಿ ಬರಬೇಕು. ಮೊದಲ ಸಲ ಬಂತು ಕೂಡ. ಅಷ್ಟು ಸಾಕಾಯಿತು, ಮುರ್ಡೇಶ್ವರದವರೆಗೆ ಹೇಳಿಕೊಂಡು ಬಂದ.

ಅತ್ತೆ ಬಂದ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಕಾಲು ನೀಡಿ, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರು. ಮೊದಲ ಕೊಡದ ನೀರು ಹಬೆಯಾಡುತ್ತ ಬಂತು. ಅಪ್ಪ ಹೆಮ್ಮೆಯಿಂದ ಎಲ್ಲರ ಮುಖ ನೋಡಿದ. ಎರಡನೆಯದು ಉಗುರುಬೆಚ್ಚಗೆ. ಆಮೇಲೆ ಬಾವಿಯ ನೀರು ಬಾವಿಯ ನೀರಾಗಿಯೇ ಬಂತು. ಮಗು ಕಿರುಚಿಕೊಂಡಿತು.

“ಎಂತ ಇದು?” ಅತ್ತೆ ಕೇಳಿದರು.

“ಕಲ್ಲು ಬಿಸಿನೇ ಅದೆ ಅಮ್ಮಾ. ನೀರು ಒಂದೇ ಸಂದಿ ಹಿಡ್ಕಂಡ್ ಇಳೀತಾ ಅದೆ. ತಡೀರಿ, ಇನ್ನೊಂದ್ ಕೊಡ ಹೊಯ್ತೆ.”

ಹೊಯ್ದ. ಇನ್ನಷ್ಟು ತಣ್ಣಗೆ ಬಂತು. ಸುಮ್ಮನಾದರೂ ಆಗಬಾರದೇ? ಇಂಜಿನ್ನಿನಲ್ಲಿ ನೀರು ಹೇಗೆ ಸುತ್ತುತ್ತದೆ ಎಂದು ವಿವರಿಸತೊಡಗಿದ. ಅಮ್ಮ, ಅಂದರೆ ನಮ್ಮ ಆಯಿ, ಅಡುಗೆಮನೆಗೆ ಓಡಿ ಒಲೆ ಊದತೊಡಗಿದಳು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅತ್ತೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು. “ಆತು. ನಮ್ಮನೇಲಿ ಹಂಡೆ ಅದೆ. ಇವತ್ತೇ ಇಬ್ರನ್ನೂ ಕರ್ಕಂಡ್ ಹೋಗ್ತೆ.”

ಅಕ್ಕ ಇನ್ನೂ ಎರಡು ತಿಂಗಳು ಇರಬೇಕಿತ್ತು. ಅವಳು ಬಟ್ಟೆ ಮಡಚಿದಳು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೊಡೆ ಹಿಡಿದು ಅತ್ತೆಯ ಹಿಂದೆಯೇ ನಡೆಯುತ್ತ ಮತ್ತೆ ಆ ಸಂದಿಯ ಮಾತೇ ತೆಗೆದ. ಜನ ತಿರುಗಿ ನೋಡುತ್ತಿದ್ದರು. ನಾನು ದೂರ ಹೋಗಿ, ಯಾರದೋ ಮನೆಯವಳಂತೆ ಬೀಡಾ ಅಂಗಡಿಯ ಬಳಿ ನಿಂತೆ.

ಮನೆಗೆ ಬಂದವನೇ ಅಪ್ಪ ಅಂಗಿಯನ್ನೂ ಬಿಚ್ಚದೆ ಗುಂಡಿಯ ಮಣ್ಣು ಕೆದಕಿದ. ಒಂದು ಮೂಲೆಯ ಕಲ್ಲುಗಳು ಮಾತ್ರ ತೊಳೆದುಹೋಗಿ ತಣ್ಣಗಾಗಿದ್ದವು. ನಡುವಿನವನ್ನು ನೀರು ಮುಟ್ಟಿಯೇ ಇರಲಿಲ್ಲ.

“ಕೈ ಇಟ್ ನೋಡು, ಇನ್ನೂ ಬಿಸಿ ಅದೆ,” ಎಂದ ನನಗೆ.

ನಾನು ಕೈ ಇಡಲಿಲ್ಲ. ಆಯಿ ಬಂದಳು. ಅವಸರದಲ್ಲಿ ಹಗ್ಗದ ಮೇಲೆಯೇ ಉಳಿದುಹೋಗಿದ್ದ ಮಗುವಿನ ಒದ್ದೆ ಬಟ್ಟೆಗಳನ್ನು ತಂದು, ಆ ಕಲ್ಲುಗಳ ಮೇಲೆ ಒಂದೊಂದಾಗಿ ಹರವಿದಳು. ಸಂಜೆಯೊಳಗೆ ಎಲ್ಲ ಒಣಗಿದ್ದವು.