ಜಾಮೀನಿನ ಅಂಕಣದಲ್ಲಿ ಅವ್ವೆ

ಕೋತಗಿರಿಯ ಸಣ್ಣದೊಂದು ಲೈಬ್ರರಿಯಲ್ಲಿ ನಾನು ಆಗ ತಾತ್ಕಾಲಿಕ ಕೆಲಸದಲ್ಲಿದ್ದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಊರಿಗೆ ಬ್ರೌಸಿಂಗ್ ಸೆಂಟರ್ ಬಂದ ಹೊಸದರಲ್ಲಿ, ಕಾರ್ಡಿನ ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ಹಾಕುವಂತೆ ಮಾಡೋಣ ಎಂದು ಸಮಿತಿಗೆ ಹೇಳಿದವಳೂ ನಾನೇ. ಮಾಡು, ದುಡ್ಡು ಮಾತ್ರ ಕೇಳಬೇಡ ಎಂದರು ಅಧ್ಯಕ್ಷರು.

ಕೇಳಲಿಲ್ಲ. ಟೀ ಫ್ಯಾಕ್ಟರಿಯೊಂದು ಮೂಲೆಗೆ ಹಾಕಿದ್ದ ಕಂಪ್ಯೂಟರನ್ನು ಎಲೆ ಸಾಗಿಸುವ ಜೀಪಿನಲ್ಲಿ ತಂದೆ. ಪುಕ್ಕಟೆ ಸಿಗುವ ಫಾರಮ್ ಹುಡುಕಿ, ನಮ್ಮ ಹಳೆಯ ಕಾಗದದ ಅರ್ಜಿಯನ್ನು ಒಂದು ಅಂಕಣವನ್ನೂ ಬಿಡದೆ ಅದಕ್ಕೆ ಇಳಿಸಿದೆ. ಹಳೆಯ ಮದುವೆ ಕರೆಯೋಲೆ ಕಾಗದಗಳ ಖಾಲಿ ಬೆನ್ನು ಕತ್ತರಿಸಿ ಕಾರ್ಡು ಮಾಡಿದೆ. ಇದ್ದದ್ದು ಒಂದೇ ಫೋನು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಅದರ ಲೈನನ್ನು ಕಂಪ್ಯೂಟರಿನ ಮೋಡೆಮ್ಮಿಗೆ ಹಾಕಿ, ಬಂದ ಅರ್ಜಿಗಳನ್ನು ರಿಜಿಸ್ಟರಿಗೆ ಬರೆದುಕೊಳ್ಳುತ್ತಿದ್ದೆ.

ಹಾಗೊಂದು ಬೆಳಿಗ್ಗೆ, ಕಿಟಕಿಯಾಚೆ ಮಂಜು ಕಟ್ಟಿತ್ತು. ನಮ್ಮ ಹಟ್ಟಿಯ ಹೆಂಗಸೊಬ್ಬಳ ಅರ್ಜಿ ಬಂದಿತ್ತು. ಜಾಮೀನುದಾರರು ಎಂಬಲ್ಲಿ ನನ್ನನ್ನು ಹೆತ್ತ ಅವ್ವೆಯ ಹೆಸರು.

ಅವ್ವೆ ತೀರಿಕೊಂಡು ಮೂರು ವರ್ಷವಾಗಿತ್ತು. ಕುರ್ಚಿಯಿಂದ ಎದ್ದುಬಿಟ್ಟೆ. ಹಿಂದೆ ಯಾರೋ ನಿಂತಂತಾಗಿ ತಿರುಗಿಯೂ ನೋಡಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವೆ ನನ್ನನ್ನು ಅದೇ ಕೋಣೆಗೆ, ಕಾರ್ಡು ಮಾಡಿಸಲು ಕರೆತಂದಿದ್ದಳು. ಸಂಬಳದವರೇ ಜಾಮೀನು ನಿಲ್ಲಬೇಕು ಎಂದಿದ್ದ ಅಂದಿನ ಗುಮಾಸ್ತ. ನಾನೇ ನಿಲ್ಲುತ್ತೇನೆ ಎಂದು ಅವ್ವೆ, ಎಲೆ ಕಿತ್ತು ಕಪ್ಪಾದ ಹೆಬ್ಬೆಟ್ಟನ್ನು ಮುಂದೆ ಚಾಚಿದಳು. ಅವನು ನಕ್ಕ. ಅವಳು ಬೆರಳನ್ನು ಸೆರಗಿನೊಳಗೆ ಎಳೆದುಕೊಂಡದ್ದು ಇನ್ನೂ ಕಣ್ಣ ಮುಂದಿದೆ. ಕಾಲೇಜು ಮುಗಿಯುವ ತನಕ ನಾನು ಕಾರ್ಡಿಲ್ಲದೆ, ಇಲ್ಲೇ ಕೂತು ಓದಿದೆ. ಆ ಅಂಕಣವನ್ನೇ ನನ್ನ ಕೈಯಾರೆ ಕಂಪ್ಯೂಟರಿಗೆ ಏರಿಸಿದ್ದೆ. ಹೊಳೆಯಲೇ ಇಲ್ಲ.

ಸತ್ತವರ ಜಾಮೀನಿಗೆ ಕಾರ್ಡು ಕೊಟ್ಟರೆ ನನ್ನ ಕೆಲಸ ಹೋಗುತ್ತಿತ್ತು. ಕೊಡದಿದ್ದರೆ ಆ ಗುಮಾಸ್ತನ ಕುರ್ಚಿಯಲ್ಲಿ ನಾನು.

ಮರುದಿನ ಮಧ್ಯಾಹ್ನ ಅರ್ಜಿ ಹಾಕಿದವಳೇ ಬಂದಳು. ಅವ್ವೆಯ ಜೊತೆ ಒಂದೇ ಸಾಲಿನಲ್ಲಿ ಎಲೆ ಕೀಳುತ್ತಿದ್ದವಳು, ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬ್ರೌಸಿಂಗ್ ಸೆಂಟರಿನವನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ, ಅವನೇ ಟೈಪ್ ಮಾಡಿದ ಎಂದಳು. ನಿನಗೆ ಯಾರು ನಿಲ್ಲುತ್ತಾರೆ ಎಂದು ಕೇಳಿದನಂತೆ.

“ಅವ್ವೆ ಇಲ್ಲವಲ್ಲ, ಚಿಕ್ಕಮ್ಮ,” ಎಂದೆ.

“ಅವಳ ಮಣ್ಣಿಗೆ ಬಂದವಳಿಗೆ ಅದು ಗೊತ್ತಿಲ್ವಾ, ಕೂಸು? ಎಲೆ ತೂಕದ ಶೆಡ್ಡಿನಲ್ಲಿ ಎಲ್ಲರ ಮುಂದೆ ಹೇಳಿದಳು, ‘ನನ್ನ ಕೂಸು ಅಲ್ಲಿ ಕೆಲಸಕ್ಕೆ ಕೂರಲಿ, ನೀ ಓದೋದಕ್ಕೆ ನಾ ನಿಲ್ತೀನಿ’ ಅಂತ. ಅವಳು ಹೋದಳು. ಮಾತೂ ಹೋಯ್ತಾ?”

ನಮ್ಮ ಹಟ್ಟಿಯ ರೀತಿಯೇ ಅದು. ಹಿರಿಯರು ನಾಲ್ಕು ಜನರ ಮುಂದೆ ಆಡಿದ ಮಾತನ್ನು ಅವರ ಮನೆಯವರು ನಡೆಸಬೇಕು. ರಿಜಿಸ್ಟರಿನಲ್ಲಿ ಅವ್ವೆಯ ಹೆಸರು ಬರೆದು, ಅದರ ಪಕ್ಕದಲ್ಲಿ ನನ್ನ ಸಹಿ ಹಾಕಿ ಕಾರ್ಡು ಕೊಟ್ಟೆ. ಕೇಳಿದರೆ ಕೇಳಲಿ ಎಂದುಕೊಂಡೆ. ಯಾರೂ ಕೇಳಲಿಲ್ಲ. ಅವಳು ಪ್ರತಿ ಪುಸ್ತಕವನ್ನೂ ವಾಯಿದೆಗೆ ಒಂದು ದಿನ ಮೊದಲೇ ತಂದುಕೊಡುತ್ತಿದ್ದಳು; ತಡವಾದರೆ ನಿನ್ನ ಅವ್ವೆಗೆ ಕೆಟ್ಟ ಹೆಸರು ಎನ್ನುತ್ತಿದ್ದಳು.

ತಿಂಗಳೊಳಗೆ ಸಮಿತಿಯ ಮುಂದೆ ವಾದ ಮಾಡಿ ಆ ಅಂಕಣವನ್ನೇ ತೆಗೆಸಿದೆ. ಇನ್ನು ಅವ್ವೆಯನ್ನು ಯಾರೂ ಜಾಮೀನಿಗೆ ಕರೆಯುವುದಿಲ್ಲ ಎಂದುಕೊಂಡಾಗ ಸಮಾಧಾನವೂ ಆಯಿತು, ಎದೆಯೂ ಖಾಲಿಯಾಯಿತು.

ಆಮೇಲೊಂದು ಬೆಳಿಗ್ಗೆ, ಮೋಡೆಮ್ ಕಿರುಚಿ ಸುಮ್ಮನಾದ ಮೇಲೆ, ಹಟ್ಟಿಯಿಂದ ಇನ್ನೊಂದು ಅರ್ಜಿ ತೆರೆದುಕೊಂಡಿತು. ಜಾಮೀನಿನ ಅಂಕಣವಿಲ್ಲ. ವಿಳಾಸ ಮುಗಿದಲ್ಲಿ, ಯಾರೂ ಕೇಳದಿದ್ದರೂ, ಅವ್ವೆಯ ಹೆಸರಿತ್ತು. ಆ ಶೆಡ್ಡಿನಲ್ಲಿ ಅವಳು ಎಷ್ಟು ಜನಕ್ಕೆ ಮಾತು ಕೊಟ್ಟಿದ್ದಳೋ. ಕತ್ತರಿ ತೆಗೆದುಕೊಂಡು, ಮದುವೆ ಕಾಗದವೊಂದರ ಬೆನ್ನನ್ನು ಕತ್ತರಿಸಲು ಕುಳಿತೆ.