ಅವ್ವ ಬೆಲೆ ಕಟ್ಟಿದ ಕಂಪನಿ

ಇಂದು ಸಂಜೆ ಕರೆಂಟು ಹೋಯಿತು. ಪಕ್ಕದ ಮನೆಯ ಸೊಸೆ ಅಟ್ಟದಿಂದ ಹಳೆಯ ಕಂದೀಲು ಇಳಿಸಿ ಹಚ್ಚಿದಳೆಂದು ಕಾಣುತ್ತದೆ, ಕಿಟಕಿಯಿಂದ ಚಿಮಣಿ ಎಣ್ಣೆಯ ವಾಸನೆ ಬಂತು. ಸೀಮೆಎಣ್ಣೆಯನ್ನು ಧಾರವಾಡದಲ್ಲಿ ನಾವು ಹಾಗೆಯೇ ಕರೆಯುವುದು. ನೀವು ಮೂಗು ಮುಚ್ಚಿಕೊಳ್ಳಬಹುದು. ನನಗೆ ಮಾತ್ರ ಆ ವಾಸನೆಗೆ ಬೆನ್ನು ನೆಟ್ಟಗಾಗುತ್ತದೆ. ಯಾಕೆಂದು ಹೇಳುತ್ತೇನೆ. ಹೇಗೂ ಕರೆಂಟು ಬರುವವರೆಗೆ ನಮಗಿಬ್ಬರಿಗೂ ಬೇರೆ ಕೆಲಸವಿಲ್ಲ.

ನಮ್ಮೂರಿಗೆ ಬಿಜಲಿ ದೀಪ ಬಂದು ಎರಡು ವರ್ಷವಾಗಿತ್ತು. ನನಗೆ ಹದಿಮೂರು. ದೀಪ ತಂದ ಕಂಪನಿಯ ಷೇರು ಅಷ್ಟರಲ್ಲೇ ಇಮ್ಮಡಿಯಾಗಿ ಇನ್ನೂ ಏರುತ್ತಿತ್ತು. ವಕೀಲರು, ಮಾಸ್ತರರು, ಪೇಡೆ ಅಂಗಡಿಯವರು, ಎಲ್ಲರ ಬಾಯಲ್ಲೂ ಅದೇ ಮಾತು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಎಷ್ಟು ಮನೆಗೆ ತಂತಿ ಎಳೆದಿದ್ದಾರೆ, ಮನೆಗೆ ಎಷ್ಟು ಬಲ್ಬು, ಬರುವ ವರ್ಷ ಎಷ್ಟಾದೀತು ಎಂದೆಲ್ಲ ಪಾಟಿಯ ಮೇಲೆ ಲೆಕ್ಕ ಹಾಕಿ, ಅಜ್ಜ ನನ್ನ ಓದಿಗೆಂದು ಬಿಟ್ಟುಹೋದ ಹಣವನ್ನೆಲ್ಲ ಆ ಷೇರಿಗೆ ಹಾಕಬೇಕೆಂದರು. ಆ ಹಣ ಕಾಲೇಜಿನ ಒಂದು ವರ್ಷಕ್ಕೆ ಸಾಲುವಂತಿತ್ತು, ನಾಲ್ಕಕ್ಕಲ್ಲ. ಬೆಳೆದರೆ ನನಗೆ ಬಿ.ಎ., ಮುಳುಗಿದರೆ ಮದುವೆ. ಎರಡನೆಯದಕ್ಕೆ ನಾನು ಎಷ್ಟು ಹೆದರಿದ್ದೆನೆಂದರೆ, ಯಾರೂ ಇಲ್ಲದಾಗ ಅಪ್ಪನ ಪಾಟಿಗೆ ಕೈ ಮುಗಿಯುತ್ತಿದ್ದೆ.

ಅವ್ವ ಶಾಲೆಯ ಮುಖ ಕಂಡವಳಲ್ಲ. "ಒಂದು ತಿಂಗಳು ತಡೀರಿ, ನಾನೂ ನೋಡ್ತೇನಿ" ಎಂದಳು.

ಅಪ್ಪ ನಕ್ಕರು. "ಏನು ನೋಡ್ತಿ? ಷೇರು ಅಂದ್ರ ಬದನಿಕಾಯಿ ಅಲ್ಲ, ಹಿಚುಕಿ ನೋಡಲಿಕ್ಕೆ."

ಅವ್ವ ಮೊದಲು ಹಿಡಿದದ್ದು ಚಿಮಣಿ ಎಣ್ಣೆ ಮಾರುವ ಇಮಾಮಸಾಬರನ್ನು. "ಬಿಜಲಿ ಬಂದ ಮ್ಯಾಲ ನಿಮ್ಮ ಯಾಪಾರ ಎಷ್ಟು ಇಳೀತು, ಸಾಬರ?"

"ಎಲ್ಲೀದು ಇಳಿಯೂದು, ಅಕ್ಕಾರ. ನಾನೂ ಹೆದರಿದ್ದೆ. ನಿಮ್ಮ ಓಣ್ಯಾಗ ಮೊದಲಿನಷ್ಟಽ ಹೊಂಟೈತಿ."

ಅವು ಚೈತ್ರಗೌರಿಯ ದಿನಗಳು. ದಿನಕ್ಕೆ ಎರಡು ಮನೆಯಿಂದ ಅರಿಷಿಣ-ಕುಂಕುಮದ ಕರೆ. ಅವ್ವ ಒಂದನ್ನೂ ಬಿಡಲಿಲ್ಲ, ನನ್ನನ್ನೂ ಎಳೆದೊಯ್ದಳು. ನಾವು ಹೊಸ್ತಿಲು ದಾಟುತ್ತಲೇ ಯಾರೋ ಓಡಿಹೋಗಿ ಗುಂಡಿ ಒತ್ತುವರು. ಪಡಸಾಲೆಯೆಲ್ಲ ಝಗ್ ಎನ್ನುವುದು. ಗೌರಿಯ ಮುಂದೆ ಕೂತು, ಉಡಿ ತುಂಬಿಸಿಕೊಂಡು ಹೊರಟ ಮೇಲೆ ಅವ್ವ ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಓಣಿಯ ತಿರುವಿನಲ್ಲಿ ನಿಲ್ಲುವಳು.

"ಆರಿತೇನು ನೋಡು."

"ಆರಿತವ್ವಾ. ಕಂದೀಲು ಹಚ್ಯಾರ."

ನಾನು ಕೋಸಂಬರಿಯ ಆಸೆಗೆ ಹೋದವಳು. ಅವ್ವ ಕಂಪನಿಯ ತಪಾಸಣೆಗೆ ಹೊರಟಿದ್ದಾಳೆಂದು ಏಳನೆಯ ಮನೆಯವರೆಗೂ ನನಗೆ ಹೊಳೆಯಲಿಲ್ಲ.

ತಿಂಗಳು ಮುಗಿಯಿತು. "ಮನಿಮನಿಗೆ ಬಲ್ಬು ಅದ, ಖರೇ" ಎಂದಳು ಅವ್ವ. "ಆದ್ರ ಅದು ಬೀಗರಿಗೆ ಹಾಸೋ ಜಮಖಾನಿ ಇದ್ದಂಗ. ಅವರು ಎದ್ದ ಕೂಡಲೆ ಸುತ್ತಿ ಇಡ್ತಾರ. ಮೀಟರು ತಿರುಗದ ಕಂಪನಿಗೆ ರೊಕ್ಕ ಎಲ್ಲಿಂದ ಬರಬೇಕು?"

"ಎಲ್ಲಾರೂ ಹಂಗ ಇರೂದಿಲ್ಲ."

"ನಿನ್ನೆ ನಿಮ್ಮ ಹೆಡ್‌ಮಾಸ್ತರು ಮೆಟ್ಟಲಾ ಇಳಿಯೂದ್ರಾಗ ದೀಪ ಆರಿಸಿದವರು ಯಾರ್ರಿ? ಪಾಪ, ಕತ್ತಲ್ಯಾಗ ಚಪ್ಪಲಿ ಹುಡಿಕ್ಯಾಡಿದ್ರು."

ಅಪ್ಪ ಪಾಟಿ ಒರೆಸಿದರು. ಹಣ ಮನೆಯಲ್ಲೇ ಉಳಿಯಿತು.

ಮರುದಿನವೇ ಷೇರು ಬಿದ್ದಿತೆಂದು ನೀವು ಅಂದುಕೊಂಡಿದ್ದರೆ, ಇಲ್ಲ. ಇನ್ನೂ ಎಂಟು ತಿಂಗಳು ಏರಿತು. ಎದುರುಮನೆಯವರು ಮೊದಲೇ ಕೊಂಡಿದ್ದರು. ಅವರಾಕೆಯ ಕೈಗೆ ಬಂಗಾರದ ಹೊಸ ಪಾಟಲಿ ಬಂದವು. ಅಪ್ಪ ತಲೆ ತಗ್ಗಿಸಿ ಊಟ ಮಾಡಿ ಏಳುತ್ತಿದ್ದರು. ಒಂದು ಮಧ್ಯಾಹ್ನ ಅವ್ವ ಮೊರದ ಜೋಳವನ್ನು ಹಾಗೆಯೇ ಬಿಟ್ಟು, "ನನ್ನ ಶಾಣ್ಯಾತನಕ್ಕ ನಿನ್ನ ಕಾಲೇಜು ಹೋತೇನೊ" ಎಂದಳು. ಮಹಾ ಮಗಳಾದ ನಾನು ಸಮಾಧಾನ ಹೇಳಲಿಲ್ಲ. ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆಮೇಲೆ ಕಂಪನಿಯವರು ವರ್ಷದ ಲಾಭ ಹಂಚಿದರು. ಹಂಚಲು ಏನೂ ಇರಲಿಲ್ಲ ಎನ್ನುವುದೇ ಸರಿ. ಆರು ವಾರದಲ್ಲಿ ಷೇರು ಮೊದಲಿನ ಬೆಲೆಗಿಂತ ಕೆಳಗೆ ಇಳಿಯಿತು. ಎದುರುಮನೆಯ ಪಾಟಲಿ ಕಾಣದಾದವು, ಅವ್ವ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಾನೇ ಎತ್ತಿದಾಗ ಗದರಿದಳು.

ಊರೆಲ್ಲ ಮಾರುತ್ತಿದ್ದಾಗ ಅವಳು ತವರಿಗೆಂದು ಹಳೇ ಹುಬ್ಬಳ್ಳಿಗೆ ಹೋದಳು. ಬಂದವಳು ಸೀರೆ ಕೂಡ ಬದಲಿಸದೆ, "ಈಗ ತಗೋರಿ" ಎಂದಳು. ಅಪ್ಪ ಹೌಹಾರಿದರು. ಅಲ್ಲಿ ಎಣ್ಣೆಯ ಎಂಜಿನ್ನಿನಿಂದ ನಡೆಯುತ್ತಿದ್ದ ಹಿಟ್ಟಿನ ಗಿರಣಿ ಈಗ ಅದೇ ಕಂಪನಿಯ ಬಿಜಲಿಯಿಂದ ನಡೆಯುತ್ತಿತ್ತಂತೆ. ಅವ್ವ ಜೋಳದ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತು, ಎಷ್ಟು ತಾಸು ನಡೆಸುತ್ತೀರೆಂದು ಕೇಳಿಕೊಂಡು ಬಂದಿದ್ದಳು.

"ಮುಂಜಾನಿಂದ ಸಂಜೀತನಕಾ ನಿಲ್ಲಸೂದಿಲ್ಲಂತ. ರೊಟ್ಟಿ ಅಂತೂ ಎಲ್ಲಾರಿಗೂ ದಿನಾ ಬೇಕು. ಬೀಗರು ಬರಲಿ ಬಿಡಲಿ, ಅಲ್ಲಿ ಮೀಟರು ತಿರುಗೂದಽ."

"ಬೀಳೂದನ್ನ ಹಿಡೀಲಿಕ್ಕೆ ಹೋಗೂದು ಬ್ಯಾಡ."

"ಬಿದ್ದದ್ದು ಬೆಲಿ. ಗಿರಣಿ ನಿಂತಿಲ್ಲ. ಅರ್ಧಾ ಹಾಕ್ರಿ, ಅರ್ಧಾ ಮನ್ಯಾಗ ಇರ್ಲಿ. ನಂದೂ ತಪ್ಪಬಹುದು."

ಈ ಕೊನೆಯ ಮಾತನ್ನು ಅಷ್ಟು ಹಗುರಾಗಿ ಹೇಳಿದವರನ್ನು ನಾನು ಆಮೇಲೆ ಎಷ್ಟೋ ದೊಡ್ಡವರ ನಡುವೆ ಹುಡುಕಿದ್ದೇನೆ, ಹೆಚ್ಚು ಸಿಗಲಿಲ್ಲ. ಇನ್ನೂ ಎರಡು ಗಿರಣಿ ಬಿಜಲಿಗೆ ತಿರುಗಿದ ಮೇಲೆ ಉಳಿದರ್ಧವನ್ನೂ ಹಾಕಿಸಿದಳು. ಷೇರು ನಿಧಾನವಾಗಿ ಮೇಲೆದ್ದಿತು, ವರ್ಷವರ್ಷವೂ ಲಾಭ ಬರತೊಡಗಿತು. ನಾನು ಕಾಲೇಜಿಗೆ ಹೋದೆ. ನಾಲ್ಕು ವರ್ಷದ ಫೀ ಒಂದು ದಿನವೂ ತಡವಾಗಲಿಲ್ಲ.

ಷೇರು ಇದ್ದದ್ದು ಅಪ್ಪನ ಹೆಸರಿನಲ್ಲಿ. ಮನೆಗೆ ಬಂದವರೆಲ್ಲ "ಗಣಿತದ ಮಾಸ್ತರರ ಲೆಕ್ಕ ಅಂದ್ರ ಲೆಕ್ಕ" ಎನ್ನುವರು. ಅಪ್ಪ ಒಳ್ಳೆಯವರು, ಆದರೂ ಆ ಹೊಗಳಿಕೆಗೆ ಮೀಸೆಯಡಿ ನಕ್ಕು ಸುಮ್ಮನಿರುವರು. ಅವ್ವ ಚಹಾ ಇಟ್ಟು ಒಳಗೆ ಹೋಗುವಳು. ನಾನೂ ಅಪ್ಪನನ್ನೇ ನೋಡಿ ಕಲಿತೆ. ಮೂವತ್ತು ವರ್ಷ ಪಾಠ ಹೇಳಿ, ಕರೆದಲ್ಲೆಲ್ಲ "ತಂದೆಯವರ ದೂರದೃಷ್ಟಿಯಿಂದ ಓದಿದೆ" ಎಂದೇ ಭಾಷಣ ಮಾಡಿದೆ.

ಕರೆಂಟು ಈಗ ಬಂತು. ನಾಳೆ ಹಳೆಯ ವಿದ್ಯಾರ್ಥಿನಿಯರು ನನಗೊಂದು ಶಾಲು ಹೊದಿಸುವವರಿದ್ದಾರೆ. ಹೇಳಬೇಕಾದ ನಾಲ್ಕು ಮಾತನ್ನು ಬರೆದಿಟ್ಟಿದ್ದೇನೆ. ಅದರ ಮೊದಲ ಸಾಲನ್ನು ಹೊಡೆದುಹಾಕಿ, ಅಕ್ಷರ ದಪ್ಪಗಾಗುವಷ್ಟು ಒತ್ತಿ ಬರೆದೆ: ನನ್ನನ್ನು ಓದಿಸಿದವಳು ನನ್ನ ಅವ್ವ, ಅವಳಿಗೆ ಓದಲು ಬರುತ್ತಿರಲಿಲ್ಲ.